ಸದ್ದು ಹೊರಬಿಡದ ಹೆಡ್‌ಫೋನ್

ನಡುರಾತ್ರಿ ‘ಟಕ್’ ಎಂದು ಸಣ್ಣ ಸದ್ದಾಯಿತು. ಶಂಕರಮ್ಮ ರೇಡಿಯೊ ಆರಿಸಿದ್ದಳು. ಬಾಯಿಗೆ ಸೆರಗೊತ್ತಿಕೊಂಡು ಒಳಕೋಣೆಯ ಕಡೆ ಕಿವಿಗೊಟ್ಟಳು. ಅತ್ತೆ ಹಾಲಮ್ಮ ಮಗ್ಗುಲು ಬದಲಿಸಿದರು. ಆಮೇಲೆ ಏನೂ ಇಲ್ಲ.

ಕೇಳಿಸಿಕೊಂಡಿರಲಾರರು. ನಿದ್ದೆಯಲ್ಲಿದ್ದಾರೆ.

ಸಿಂಗಾಪುರ ಬಿದ್ದ ಮೇಲೆ ಸೆರೆಸಿಕ್ಕ ಸಿಪಾಯಿಗಳ ಸುದ್ದಿಯನ್ನು ಶತ್ರುಗಳ ಸ್ಟೇಷನ್ ಸಂಜೆಯೂ ನಡುರಾತ್ರಿಯೂ ಇಂಗ್ಲಿಷಿನಲ್ಲಿ ಓದುತ್ತಿತ್ತು. ಮೊದಲು ಬದುಕಿದ್ದವರು ಮನೆಗೆ ಹೇಳಿಕಳಿಸಿದ ಮಾತು, ಆಮೇಲೆ ಕ್ಯಾಂಪಿನಲ್ಲಿ ತೀರಿಕೊಂಡವರ ಹೆಸರು. ಆ ರಾತ್ರಿ ಕೊನೆಯಲ್ಲಿ ಬಂದದ್ದು ಅವಳ ಗಂಡ ಷಣ್ಮುಖಪ್ಪನ ಹೆಸರು. ಊರು ಭದ್ರಾವತಿ ಎಂದೂ ಹೇಳಿದರು.

ಆ ರೇಡಿಯೊ ಅವನೇ ಜೋಡಿಸಿದ್ದು. ಕಬ್ಬಿಣದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ, ಅಲ್ಲಿಂದಲೇ ಸೈನ್ಯಕ್ಕೆ ಸೇರಿದ. ಹಾಲಮ್ಮನಿಗೆ ಒಬ್ಬನೇ ಮಗ. ಅವರ ಎದೆ ದುರ್ಬಲ, ಆಘಾತವಾಗುವಂಥದ್ದು ಏನೂ ಕಿವಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ರೇಡಿಯೊ ಕೆಟ್ಟಿದೆ ಎನ್ನುವಂತೆಯೂ ಇರಲಿಲ್ಲ. ಸಂಜೆಯ ಸುದ್ದಿಯ ಆಸೆಗೇ ಅವರು ಎರಡು ತುತ್ತು ಉಣ್ಣುತ್ತಿದ್ದರು.

ಬೆಳಿಗ್ಗೆ ಶಂಕರಮ್ಮ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದಳು.

ಗಾಂಧಿ ಬಜಾರಿನ ರೇಡಿಯೊ ಅಂಗಡಿಯ ಸಾಹೇಬರು ಮೂರು ಹೆಡ್‌ಫೋನ್ ತೆಗೆದಿಟ್ಟರು. “ಇದು ತಗೊಳ್ಳಿ ಅಮ್ಮಾ. ಹಗುರ. ಹಾಕ್ಕೊಂಡಿರೋದೇ ಗೊತ್ತಾಗಲ್ಲ.”

ಅವಳು ಅದನ್ನು ತಲೆಗೆ ಹಾಕಿಕೊಳ್ಳಲೇ ಇಲ್ಲ. ಅಂಗಡಿಯ ರೇಡಿಯೊಗೆ ತಂತಿ ಸಿಕ್ಕಿಸಲು ಹೇಳಿ, ಕೈಚಾಚಿ ದೂರ ಹಿಡಿದು ಕೇಳಿದಳು. ಸಣ್ಣಗೆ ದನಿ ಹೊರಗೆ ಸೋರುತ್ತಿತ್ತು. ಪಕ್ಕಕ್ಕಿಟ್ಟಳು. ಎರಡನೆಯದರ ದನಿ ಇನ್ನೂ ಚೆನ್ನಾಗಿತ್ತು. ಅದನ್ನು ಇನ್ನೂ ಬೇಗ ಕೆಳಗಿಟ್ಟಳು.

ಮೂರನೆಯದು ಭಾರ. ಕಿವಿ ಮುಚ್ಚುವ ಎರಡೂ ಬಟ್ಟಲಿಗೆ ದಪ್ಪ ರಬ್ಬರಿನ ಸುತ್ತು.

“ಅದು ಬೇಡಮ್ಮಾ. ಆವಾಜ್ ಸಾಫ್ ಇಲ್ಲ, ಕಿವಿ ಬೇರೆ ನೋಯ್ತದೆ. ಒಯ್ದೋರೇ ವಾಪಸ್ ತಂದುಕೊಟ್ಟವ್ರೆ.”

“ಹೊರಗೆ ಕೇಳಿಸುತ್ತಾ?”

“ಮಗ್ಗುಲಲ್ಲಿ ಕೂತೋರಿಗೂ ಕೇಳ್ಸಲ್ಲ.”

“ಇದನ್ನೇ ಕೊಡಿ.”

“ಹಾಡು ಕೇಳೋಕೆ ಇದು ನಾಲಾಯಕ್ ಅಮ್ಮಾ!”

“ಹಾಡಿಗಲ್ಲ.”

ನ್ಯೂ ಟೌನಿನ ಮನೆಗೆ ಬಂದವಳೇ ರೇಡಿಯೊದ ದನಿ ಹೊರಬಿಡುವ ಕೊಳವೆ ಬಿಚ್ಚಿ ಅಟ್ಟಕ್ಕೆ ಹಾಕಿದಳು. “ಕೊಳವೆ ಕೆಟ್ಟಿದೆ ಅತ್ತೆ. ಇನ್ನು ಇದರಲ್ಲೇ ಕೇಳಬೇಕು.”

ಹಾಲಮ್ಮ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದರು. “ಒಳ್ಳೇದೇ ಆಯ್ತು ಬಿಡು. ಆ ಇಂಗ್ಲಿಷು ನನಗೇನು ತಿಳೀತದೆ? ನೀನು ಕೇಳಿ ಹೇಳು, ಸಾಕು.”

ಒಮ್ಮೆಯೂ ತಮ್ಮ ಕಿವಿಗಿಡು ಎನ್ನಲಿಲ್ಲ. ಶಂಕರಮ್ಮ ದೇವರಿಗೆ ಕೈಮುಗಿದಳು.

ಅಂದಿನಿಂದ ಸಂಜೆಸಂಜೆಗೂ ಅವಳು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ರೇಡಿಯೊ ಹಾಕುವ ಗುಂಡಿಯನ್ನು ಮಾತ್ರ ತಿರುಗಿಸುತ್ತಿರಲಿಲ್ಲ. ಸುದ್ದಿಯನ್ನು ತಾನೇ ಕಟ್ಟಿ ಹೇಳುತ್ತಿದ್ದಳು. ಒಂದು ದಿನ, “ಹುಷಾರಾಗಿದ್ದಾರಂತೆ.” ಇನ್ನೊಂದು ದಿನ, “ನಿಮ್ಮ ಕೈಯ ಹುಳಿ ನೆನಪಾಗ್ತದಂತೆ.” ಮರುದಿನ ಬೆಳಿಗ್ಗೆ ಹಾಲಮ್ಮ ಆ ಸುದ್ದಿಯನ್ನು ಬೀದಿಯ ನಲ್ಲಿಯ ಬಳಿಗೆ ಕೊಂಡೊಯ್ಯುತ್ತಿದ್ದರು. “ನನ್ನ ಮಗಂದು ಸುದ್ದಿ ಬಂತು ಕಣ್ರೇ!” ಎಂಬ ಅವರ ದನಿ ಮನೆಯೊಳಗಿದ್ದ ಶಂಕರಮ್ಮನಿಗೆ ಕೇಳುತ್ತಿತ್ತು. ಅಷ್ಟು ಜೋರಾಗಿ ಅವರು ಹಿಂದೆಂದೂ ಮಾತಾಡಿದವರಲ್ಲ.

ಬಳೆಗಾರ ಬಂದಾಗಲಂತೂ ಅವಳ ಕೈಯನ್ನು ತಾವೇ ಹಿಡಿದು ಮುಂದೆ ಮಾಡಿದರು. “ಹಸಿರು ಬಳೆ ತೊಡ್ಸಪ್ಪಾ, ಕೈ ತುಂಬ. ಗಂಡ ಬರೋ ಹೊತ್ತಿಗೆ ಬೋಳುಗೈಲಿ ಇರಬಾರದು ಹುಡುಗಿ.” ಶಂಕರಮ್ಮನಿಗೆ ಕೈ ಎಳೆದುಕೊಳ್ಳಲಾಗಲಿಲ್ಲ.

ಒಂದು ದಿನ ಪಕ್ಕದ ಮನೆಯ ಪುಷ್ಪಮ್ಮ ಬಂದಳು. “ಅದನ್ನ ಒಬ್ಬಳೇ ಯಾಕೆ ಕೇಳ್ತೀಯೇ? ನಮ್ಮಣ್ಣನ ಮನೇಲಿ ಹೆಡ್‌ಫೋನ್ನ ಕಂಚಿನ ಬಟ್ಟಲೊಳಗೆ ಇಡ್ತಾರೆ. ದನಿ ಮನೆಮಂದಿಗೆಲ್ಲ ಕೇಳಿಸ್ತದೆ. ತಾ ಹಾಲಮ್ಮ, ನಿಂದೊಂದು ಬಟ್ಟಲು!”

ಶಂಕರಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

“ಕಂಚಿನ ಬಟ್ಟಲು ದೇವರದು,” ಹಾಲಮ್ಮ ಸಿಡುಕಿದರು. “ಕಿವಿಗಿಟ್ಟಿದ್ದನ್ನ ಅದರಲ್ಲಿ ಇಡ್ತಾರಾ ಮಾರಾಯ್ತಿ?”

“ಕಿವಿಗೂ ಎಂಜಲು ಉಂಟೇನೇ!” ಪುಷ್ಪಮ್ಮ ನಕ್ಕಳು. “ನಮ್ಮನೆ ಬಟ್ಟಲೇ ತರ್ತೀನಿ ತಡಿ.”

“ಬೇಡ ಅಂದ್ನಲ್ಲ.”

ಅತ್ತೆಯ ಮಡಿ ಆ ದಿನ ಶಂಕರಮ್ಮನನ್ನು ಉಳಿಸಿತು.

ಮುಂದಿನ ವಾರ ಪುಷ್ಪಮ್ಮ ಮತ್ತೆ ಬಂದಳು. ಈ ಸಲ ನಗುತ್ತಿರಲಿಲ್ಲ. ನೇರ ಅಡುಗೆಮನೆಗೆ ಹೋದಳು. ಶಂಕರಮ್ಮ ಪಡಸಾಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಒಂದೇ ಸಮನೆ ಒತ್ತಿ ಎಡಗಿವಿ ಹುಣ್ಣಾಗಿತ್ತು. ಆ ಕಡೆಯ ಬಟ್ಟಲನ್ನು ಕಿವಿಯಿಂದ ಸ್ವಲ್ಪ ಹಿಂದಕ್ಕೆ ಸರಿಸಿದ್ದಳು.

“ಹಾಲಮ್ಮ, ಮನಸ್ಸು ಗಟ್ಟಿ ಮಾಡ್ಕೋ. ಅಣ್ಣ ಬಂದಿದ್ದ. ಆ ಸ್ಟೇಷನ್ನಿನಲ್ಲಿ ಷಣ್ಮುಖನ ಹೆಸರು ಬಂದಿತ್ತಂತೆ. ತೀರಿಕೊಂಡೋರ ಜೊತೆಗೆ.”

ಶಂಕರಮ್ಮ ಎದ್ದಳು. ಅತ್ತೆ ಬೀಳುವ ಮೊದಲು ಹೋಗಿ ಹಿಡಿದುಕೊಳ್ಳಬೇಕು. ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟಳು.

ಒಳಗೆ ಯಾರೂ ಬೀಳಲಿಲ್ಲ.

“ಮೆತ್ತಗೆ,” ಎಂದಿತು ಹಾಲಮ್ಮನ ದನಿ. “ಕಿವಿ ಮುಚ್ಚಿಕೊಂಡು ಕೂತಿದ್ದಾಳೆ. ಆದ್ರೂ ಮೆತ್ತಗೆ ಮಾತಾಡು. ನನಗೆ ಆವತ್ತೇ ಗೊತ್ತಾಯ್ತು. ನಿದ್ದೆ ಬಂದಿರಲಿಲ್ಲ. ಇಂಗ್ಲಿಷು ತಿಳೀದಿದ್ರೂ ಮಗನ ಹೆಸರು ತಿಳೀದಾ? ಬದುಕಿದ್ದೋರ ಜೊತೆ ಹೆಸರು ಬಂದಿದ್ರೆ ಹುಡುಗಿ ಓಡಿಬಂದು ನನ್ನ ಎಬ್ಬಿಸಬೇಕಿತ್ತು. ಬಾಯಿಗೆ ಸೆರಗು ತುರುಕಿಕೊಂಡಳು.”

“ಗೊತ್ತಿದ್ದೂ ನಲ್ಲಿ ಹತ್ರ ನಿಂತು ಬೀದಿಗೆಲ್ಲ ಸಾರ್ತಿದ್ಯಾ?”

“ಸಾರಬೇಕು. ಅವನು ಬದುಕಿದ್ದಾನೆ ಅಂತ ಹೆತ್ತವಳೇ ನಂಬಿರೋವರೆಗೆ ಅವಳ ಕುಂಕುಮಕ್ಕೆ ಯಾರೂ ಕೈ ಹಾಕಲ್ಲ. ನನ್ನ ಬಳೆ ಒಡೆದಾಗ ನನಗೂ ಅವಳಷ್ಟೇ ವಯಸ್ಸು ಪುಷ್ಪಾ. ನೀನು ಏನೂ ಕೇಳಿಲ್ಲ. ಹೋಗು.”

ಪುಷ್ಪಮ್ಮ ಹಿತ್ತಿಲ ಬಾಗಿಲಿಂದ ಹೋದಳು. ಶಂಕರಮ್ಮ ಮತ್ತೆ ಕೂತು, ಹುಣ್ಣಾದ ಕಿವಿಯ ಮೇಲೆ ರಬ್ಬರನ್ನು ಬಿಗಿಯಾಗಿ ಎಳೆದುಕೊಂಡಳು. ಹಾಲಮ್ಮ ಕೈ ಒರೆಸಿಕೊಳ್ಳುತ್ತ ಹೊರಬಂದು ಎದುರು ನಿಂತರು. ಅವಳು ಹೆಡ್‌ಫೋನ್ ತೆಗೆಯುವವರೆಗೆ ಕಾದರು.

“ಏನಂದ ನನ್ನ ಮಗ?”

ಈಗ ಕೇಳಿದ್ದನ್ನು ಯಾರಿಗೂ ಹೇಳಬಾರದು, ಅತ್ತೆಗಂತೂ ಎಂದೆಂದಿಗೂ ಹೇಳಬಾರದು ಎಂದು ನಿಶ್ಚಯಿಸಿಕೊಂಡು ಶಂಕರಮ್ಮ ತಲೆಯೆತ್ತಿದಳು: “ಅವ್ವನ್ನ ಚೆನ್ನಾಗಿ ನೋಡ್ಕೋ ಅಂದ್ರು, ಅತ್ತೆ.”