ಕಿವಿ ಮುಚ್ಚಿದ ಸೆರಗು

ಕಂಪ್ಲಿಯಲ್ಲಿ ಬಸ್ಸಿಳಿಯುವ ಮೊದಲು ಕಾವ್ಯ ಮೂರನೆಯ ಸಲ ಕಿವಿ ಮುಟ್ಟಿಕೊಂಡಳು. ಜುಮಕಿ ಇದ್ದವು. ಹೊಸಪೇಟೆಯ ಫ್ಯಾನ್ಸಿ ಅಂಗಡಿಯವು, ನಿನ್ನೆಯಷ್ಟೇ ಕೊಂಡದ್ದು. ಅಸಲಿಗಿಂತ ಹೆಚ್ಚೇ ಹೊಳೆಯುತ್ತಿದ್ದವು. ಭಯವಿದ್ದದ್ದು ಅದಕ್ಕೇ.

ಅಸಲು ಜುಮಕಿ ಮಾಡಿಸಿಕೊಟ್ಟವಳು ಸೋದರತ್ತೆ ಜಂಬಮ್ಮ. ತಾಯಿಯಿಲ್ಲದ ಕಾವ್ಯಳನ್ನು ಸಾಕಿದವಳು. ಹನ್ನೆರಡು ವರ್ಷ ಅಕ್ಕಿ ಗಿರಣಿಯಲ್ಲಿ ಮೊರ ಹಿಡಿದು ಕೂಡಿಸಿದ ಬಂಗಾರ ಅದು. ಈಗ ಅವಳಿಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲೂ ಓಣಿಯವರು ಬೇಕು. ಸೋಮವಾರ ಆಪರೇಷನ್. “ಅದಕ್ಕ ಮದ್ಲ ಒಮ್ಮೆ ಬಂದು ಹೋಗವ್ವ” ಎಂದು ಫೋನ್ ಮಾಡಿದ್ದಳು. ಆಪರೇಷನ್ ಆದ ಮೇಲೆ ಹೋಗುವುದಕ್ಕಿಂತ ಇದೇ ಕ್ಷೇಮವೆಂದು ಕಾವ್ಯ ಮರುದಿನವೇ ಬರುತ್ತೇನೆಂದಳು. ಅತ್ತೆಗೆ ಆನಂದವಾಯಿತು.

ಜುಮಕಿ ಹೋದದ್ದು ಹೇಮಾವತಿಯ ಮಗಳ ಮದುವೆಗೆ. ಸಂಡೂರಿನ ಹೇಮಾವತಿಗೆ ನಲವತ್ತು ಅದಿರು ಲಾರಿ, ಎರಡು ಕಾರು, ಶುಕ್ರವಾರ ಸೇರುವ ಒಂದು ಬಳಗ. ದೋಣಿಮಲೈ ಕ್ವಾರ್ಟರ್ಸಿನ ಗುಮಾಸ್ತನ ಹೆಂಡತಿ ಕಾವ್ಯ ಆ ಬಳಗದ ಸೋಫಾದ ಅಂಚಿನಲ್ಲಿ ಎರಡು ವರ್ಷದಿಂದ ಕೂತಿದ್ದಳು. ಒಳಗೆ ಸರಿಯಲು ಒಂದು ನೂಕು ಬೇಕಿತ್ತು. ಎಲ್ಲರ ಹಾಗೆ ಸೀರೆಯನ್ನೇ ಉಡುಗೊರೆಯಾಗಿ ಆಯೇರು ಮಾಡಿದರೆ ಅದು ನೂಕಾಗುವುದಿಲ್ಲ. ಆಯೇರಿನ ಸೀರೆಯ ಗತಿ ಅವಳಿಗೆ ಗೊತ್ತಿತ್ತು: ಬಿಚ್ಚದೆ ಅಟ್ಟಕ್ಕೆ, ಅಟ್ಟದಿಂದ ಇನ್ಯಾರದೋ ಗೃಹಪ್ರವೇಶಕ್ಕೆ. ವರ್ಷಕ್ಕೊಮ್ಮೆ ಅತ್ತೆ ಕೊಡುವ ಸೀರೆಯ ಹಳದಿ ಕವರುಗಳನ್ನು ತಾನೂ ಹಾಗೆಯೇ ಸಾಗಹಾಕಿದ್ದಳು. ಆದ್ದರಿಂದ ಈ ಮದುವೆಗೆ ಬೆಳ್ಳಿಯ ಜೋಡಿ ದೀಪ.

“ಕಿವೀದು ಮಾರಿ ಮಂದಿ ಮನ್ಯಾಗ ದೀಪ ಹಚ್ಚಿದಿ” ಎಂದ ಗಂಡ ಬಸವಕುಮಾರ್.

“ನಿಮಗ ತಿಳಿಯಂಗಿಲ್ಲ ಬಿಡ್ರಿ.”

ತಿಳಿಯುವಂಥ ಉತ್ತರ ವಾರದಲ್ಲೇ ಸಿಕ್ಕಿತು. ಹೇಮಾವತಿ ಅವಳನ್ನು ಒಳಕೋಣೆಗೆ ಕರೆದು ಪೆಟ್ಟಿಗೆಯೊಂದನ್ನು ಕೈಗಿಟ್ಟಳು. “ನಿನಗಂತನ ತೆಗೆದಿಟ್ಟಿದ್ದೆ ನೋಡು.” ಅಪ್ಪಟ ರೇಷ್ಮೆ, ಗಿಳಿಹಸಿರು. ಬೆಂಗಳೂರಿನದೇ ಇರಬೇಕು. ಫಾಲ್ ಕೂಡ ಹಚ್ಚಿತ್ತು, ಹಸಿರು ಅಂಚಿಗೆ ಕೆಂಪು ದಾರದ ಉದ್ದುದ್ದ ಹೊಲಿಗೆ. ದುಡ್ಡಿದ್ದವರ ಫ್ಯಾಷನ್ನೇ ಬೇರೆ ಎಂದು ಕಾವ್ಯ ಮೆಚ್ಚಿದಳು. ತನ್ನ ಇನ್ನೆರಡು ಸೀರೆಗೂ ಹಾಗೆಯೇ ಕೆಂಪು ದಾರ ಹಾಕಿಸಿದಳು.

ಇವತ್ತಿನ ಉಪಾಯವೂ ಆ ಸೀರೆಯೇ. ಸೆರಗು ಕಿವಿಯ ಮೇಲೆ, ಅತ್ತೆಯ ಗಮನ ಸೀರೆಯ ಮೇಲೆ.

“ಬಂದ್ಯಾ? ಹತ್ರ ಬಾ, ಕುಂದ್ರು.” ಜಂಬಮ್ಮನ ಕೈ ಕೆನ್ನೆ ಸವರಿತು. ಅಕ್ಕಿಯಲ್ಲಿ ಕಲ್ಲು ಹುಡುಕಿ ಪಳಗಿದ ಬೆರಳು. ಕಿವಿಯ ಹತ್ತಿರ ನಿಂತಿತು.

“ಸೆರಗ್ಯಾಕ ಹೊದ್ದಿ?”

“ಬಿಸಿಲತ್ತಿ.”

“ಮನ್ಯಾಗೇನ್ ಬಿಸಿಲು?”

“ಸೀರಿ ನೋಡತ್ತಿ. ಇಂಥಾದು ಕಂಪ್ಲ್ಯಾಗ ಸಿಗಂಗಿಲ್ಲ.”

ಬೆರಳು ಕಿವಿ ಬಿಟ್ಟು ಸೆರಗಿಗೆ ಇಳಿಯಿತು. ಸೆರಗಿನಿಂದ ನೆರಿಗೆಗೆ, ನೆರಿಗೆಯಿಂದ ಅಂಚಿಗೆ. ಕಾವ್ಯಳ ಉಸಿರು ಹಗುರಾಯಿತು. ಜಂಬಮ್ಮ ಅಂಚನ್ನು ಕಣ್ಣಿನ ಹತ್ತಿರಕ್ಕೆ ತಂದಳು, ಮಗುಚಿದಳು, ಉಗುರಿನಿಂದ ಮೆಲ್ಲಗೆ ಗೀರಿ ನೋಡಿದಳು. ಮಂಜುಗಣ್ಣು ತುಂಬಿಕೊಂಡಿತು.

“ಕಂಪ್ಲ್ಯಾಗ ಹೆಂಗ ಸಿಕ್ಕೀತವ್ವ, ಮೊಳಕಾಲ್ಮೂರಿಂದ ತರಿಸಿದ್ದೆ” ಎಂದಳು. “ಹಸಿರು ದಾರ ಮುಗಿದಿತ್ತಂತ ಫಾಲಿಗೆ ಕೆಂಪು ದಾರನ ಹಾಕಿದ್ದೆ. ಅಂತೂ ಉಟ್ಟಿ ಬಿಡು. ಬಿಚ್ಚಿ ಸೈತ ನೋಡ್ದಂಗ ಯಾರಿಗರ ಆಯೇರು ಮಾಡಿಬಿಟ್ಟಿಯೇನೋ ಅಂತ ಮೂರು ವರ್ಷ ನಿನ್ನ ಮ್ಯಾಲೆ ಸುಮ್ನ ಸಂಶಯ ಪಟ್ಟೆ.”