ಹೆಸರಿಲ್ಲದ ಲಕೋಟೆಗಳು

ನಿರ್ದೇಶಕಿ ಕಳ್ಳತನ ಮಾಡುತ್ತಿದ್ದುದನ್ನು ಅಡುಗೆಯಾಕೆ ಕಣ್ಣಾರೆ ಕಂಡಳು. ಸೋಮವಾರ ಬೆಳಿಗ್ಗೆ ಕಾಗದ ಇಟ್ಟ ಮುದುಕಿ ಗೇಟು ದಾಟಿ ಹೊರಹೋಗಿ ಇನ್ನೂ ಐದು ನಿಮಿಷವಾಗಿರಲಿಲ್ಲ. ನಿರ್ದೇಶಕಿ ಅತ್ತಿತ್ತ ನೋಡಿ, ಬಾಗಿಲ ಪಕ್ಕದ ಮರದ ಗೂಡಿಗೆ ಕೈ ಹಾಕಿ, ಲಕೋಟೆಯೊಂದನ್ನು ತೆಗೆದು ಕಡತದೊಳಗೆ ತೂರಿಸಿಕೊಂಡಳು.

ನಾಲ್ಕು ಆಶ್ರಯಧಾಮಗಳಿಗೂ, ಬೀದಿಯಿಂದ ಬಂದವರು ನೆಲೆಯೂರಲೆಂದು ಸಂಸ್ಥೆ ಬಾಡಿಗೆಗೆ ಹಿಡಿದ ಅರವತ್ತು ಮನೆಗಳಿಗೂ ಆಕೆಯೇ ಮುಖ್ಯಸ್ಥೆ. ಗೂಡುಗಳ ನಿಯಮ ಬರೆದವಳೂ ಆಕೆಯೇ. ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಹೇಳುವಂತಿಲ್ಲ, ಹೆತ್ತವರಿಗೂ ಇಲ್ಲ. ಹುಡುಕಿಕೊಂಡು ಬಂದವರು ಕಾಗದ ಬರೆದು ಗೂಡಿನಲ್ಲಿಡಬಹುದು. ಸೇರಬೇಕಾದವರು ಒಳಗಿದ್ದರೆ, ಮನಸ್ಸಿದ್ದರೆ, ತೆಗೆದುಕೊಳ್ಳುತ್ತಾರೆ. ವಾರ ಕಳೆದರೂ ಅಲ್ಲೇ ಬಿದ್ದಿದ್ದರೆ ಬರೆದವರೇ ವಾಪಸು ಒಯ್ಯಬೇಕು. ಸಿಬ್ಬಂದಿ ಅದನ್ನು ಮುಟ್ಟುವಂತಿಲ್ಲ, ಒಡೆದು ಓದುವುದಂತೂ ದೂರದ ಮಾತು.

"ನಾವು ಮುಟ್ಟಿದ್ರೆ ಕೆಲಸ ಹೋಗುತ್ತೆ, ಅಲ್ವಾ ಮೇಡಂ?" ಅಡುಗೆಯಾಕೆ ಸೌಟು ಹಿಡಿದೇ ಕೇಳಿದಳು.

"ಹೋಗುತ್ತೆ. ನಂದೂ ಹೋಗ್ಬೇಕು."

"ಪಾಪ, ಆ ಅಜ್ಜಿಗೆ ಯಾಕೆ ಹೀಗೆ ಮಾಡ್ತೀರಿ?"

"ಅವರಿಗೋಸ್ಕರವೇ ಮಾಡ್ತಿರೋದು," ಎಂದು ನಿರ್ದೇಶಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುದುಕಿಯ ಮಗಳು ತೀರಿಕೊಂಡು ಎರಡು ವರ್ಷವಾಗಿತ್ತು. ಸೇರುವಾಗ ಭರ್ತಿ ಮಾಡುವ ಅರ್ಜಿಯಲ್ಲಿ 'ಯಾರಿಗೆ ತಿಳಿಸಬೇಕು' ಎಂದಿದ್ದ ಕಡೆ ಹುಡುಗಿ ದಪ್ಪಕ್ಷರದಲ್ಲಿ ಬರೆದಿದ್ದಳು: ಯಾರಿಗೂ ಬೇಡ, ಸತ್ತರೂ ಬೇಡ. ಬರೆದು ಎರಡು ತಿಂಗಳಿಗೆ ಎದೆಯಲ್ಲಿ ಕಫ ಕಟ್ಟಿ ಮಲಗಿದಳು. ತಪಾಸಣೆಗೆಂದು ಬಂದಿದ್ದ ನಿರ್ದೇಶಕಿ ಆ ಮಧ್ಯಾಹ್ನ ಹದಿನಾಲ್ಕನೇ ಮಂಚದ ಅಂಚಿನಲ್ಲಿ ಕುಳಿತವಳು ಏಳಲಿಲ್ಲ. "ನಿಮ್ಮ ಕೈ ಎಷ್ಟು ತಣ್ಣಗಿದೆ ಮೇಡಂ," ಎಂದು ಹುಡುಗಿ ನಕ್ಕಳು, ಆದರೆ ಆ ಕೈ ಬಿಡಲಿಲ್ಲ. ಆಂಬುಲೆನ್ಸು ಬರುವ ಹೊತ್ತಿಗೆ ಉಸಿರು ನಿಂತಿತ್ತು, ಆ ಹಿಡಿತವನ್ನು ನಿರ್ದೇಶಕಿಯೇ ಬಿಡಿಸಿಕೊಳ್ಳಬೇಕಾಯಿತು.

ತಿಂಗಳ ಮೇಲೆ ಒಂದು ಸೋಮವಾರ ಮುದುಕಿ ಫೋಟೋ ಹಿಡಿದು ಬಂದಳು. ಅವಳ ಮುಂದೆ ಸಾಲಿನಲ್ಲಿ ಇನ್ನಿಬ್ಬರಿದ್ದರು, ಒಬ್ಬ ಅಣ್ಣನನ್ನು ಹುಡುಕುವವನು, ಒಬ್ಬಳು ಗಂಡನನ್ನು. ನಿರ್ದೇಶಕಿ ಇಬ್ಬರಿಗೂ ನಿಯಮ ಹೇಳಿ ಮುಗಿಸಿದಳು. ಆಮೇಲೆ ಫೋಟೋ ನೋಡಿದಳು.

"ಇದ್ದಾರೆ ಅಂತ ಹೇಳೋ ಹಾಗಿಲ್ಲಮ್ಮ, ಇಲ್ಲ ಅಂತಲೂ ಹೇಳೋ ಹಾಗಿಲ್ಲ. ಬೇಕಾದ್ರೆ ಕಾಗದ ಬರೆದಿಡಿ."

ಮುದುಕಿ ಎರಡನೇ ಸಲ ಕೇಳಲಿಲ್ಲ. ಪೆನ್ನು, ಕಾಗದ ಇಸಿದುಕೊಂಡು ಬೆಂಚಿನ ಮೇಲೆ ಕುಳಿತು ಬರೆದಳು. ಲಕೋಟೆಯ ಮೇಲೆ ಹೆಸರು ಹಾಕಲಿಲ್ಲ.

"ಸೇರಬೇಕಾದವರಿಗೆ ಸೇರುತ್ತೆ, ಅಲ್ವಾ?" ಎಂದು ನಿರ್ದೇಶಕಿಯ ಮುಖವನ್ನೇ ನೋಡಿ ಕೇಳಿದಳು.

"ಸೇರುತ್ತಮ್ಮ."

ಭಾನುವಾರವೂ ಲಕೋಟೆ ಅಲ್ಲೇ ಇತ್ತು. ಮರುದಿನ ಅದು ಮುದುಕಿಯ ಕಣ್ಣಿಗೆ ಬಿದ್ದರೆ ಅವಳ ಆಸೆಗೆ ಕಲ್ಲು ಬೀಳುತ್ತಿತ್ತು. ನಿರ್ದೇಶಕಿ ಗೂಡಿಗೆ ಕೈ ಹಾಕಿದಳು. ತೆಗೆದುಬಿಟ್ಟಳು. ಒಂದು ನಿಯಮ ಮುರಿದದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಇನ್ನೊಂದನ್ನು ಬಿಗಿಯಾಗಿ ಪಾಲಿಸಿದಳು. ಅದನ್ನೂ, ಆಮೇಲೆ ಬಂದವುಗಳಲ್ಲಿ ಒಂದನ್ನೂ ಒಡೆಯದೆ ಕೆಳಗಿನ ಡ್ರಾಯರಿನಲ್ಲಿ ಜೋಡಿಸಿಟ್ಟಳು. ಸತ್ತವಳ ಕಾಗದವಾದರೂ ಅವಳದೇ ತಾನೆ?

ಅಲ್ಲಿಂದ ಸೋಮವಾರ ತಪ್ಪಲಿಲ್ಲ. ಮುದುಕಿ ಬಂದವಳೇ ಗೂಡಿನೊಳಗೆ ಮೊಣಕೈವರೆಗೂ ಕೈ ಹಾಕಿ ತಡಕುತ್ತಿದ್ದಳು.

"ಈ ಸಲವೂ ತೆಗೆದಿದ್ದಾರೆ, ಅಲ್ವಾ?"

"ಹೌದಮ್ಮ, ತೆಗೆದಿದ್ದಾರೆ."

"ಸರಿ."

ಆಮೇಲೆ ಒಂದು ಗಳಿಗೆ ಗೋಡೆಯ ಕಡೆ ತಿರುಗಿ ನಿಂತು, ಹೊಸ ಲಕೋಟೆ ಇಟ್ಟು ಹೋಗುತ್ತಿದ್ದಳು. ಸಂತೋಷವನ್ನು ಹಾಗೆ ಮುಚ್ಚಿಡುತ್ತಾಳೆಂದು ನಿರ್ದೇಶಕಿ ಅಂದುಕೊಂಡಿದ್ದಳು.

ಅಡುಗೆಯಾಕೆಯ ಪ್ರಶ್ನೆ ಅವಳನ್ನು ಬಿಡದೆ ಕೊರೆಯಿತು. ಸುಳ್ಳು ಆಸೆ ಉಣಿಸಿ ಎಷ್ಟು ದಿನ? ಸತ್ತವಳು ಬರೆದಿಟ್ಟ ಮಾತು ಮುರಿದರೆ ಮುರಿಯಲಿ, ಕುರ್ಚಿಯೂ ಹೋಗಲಿ, ಬರುವ ಸೋಮವಾರ ಎಲ್ಲ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ನಾನೇ ಪಕ್ಕದಲ್ಲಿದ್ದೆ ಅಮ್ಮ, ಕೊನೇವರೆಗೂ.

ಆ ಸೋಮವಾರ ಮುದುಕಿ ಬರಲಿಲ್ಲ.

ಅದರ ಮುಂದಿನ ಸೋಮವಾರ ಬಂದದ್ದು ಅವಳ ತಮ್ಮ. ಟೋಪಿ ಕೈಯಲ್ಲಿ ಹಿಡಿದು ನಿಂತ.

"ಅಕ್ಕ ಹೋಗಿಬಿಟ್ಲು ಮೇಡಂ, ಹತ್ತು ದಿನ ಆಯ್ತು. ನಿಮಗೆ ಹೇಳಿ ಬಾ ಅಂದಿದ್ಲು. ಇನ್ಮೇಲೆ ಕಾಗದ ಇಟ್ಟು ತೊಂದರೆ ಕೊಡಲ್ಲವಂತೆ."

"ಕೊನೆಗೆ ನೆಮ್ಮದಿಯಾಗಿದ್ರಾ?"

ಅವನು ಟೋಪಿಯನ್ನು ಮಡಿಸಿದ, ಬಿಡಿಸಿದ. "ಇಲ್ಲ ಮೇಡಂ," ಎಂದ.

ಅವನು ಹೋದ ಮೇಲೆ ನಿರ್ದೇಶಕಿ ಡ್ರಾಯರು ಎಳೆದಳು. ಈಗ ಬರೆದವಳೂ ಇಲ್ಲ, ಓದಬೇಕಾದವಳೂ ಇಲ್ಲ. ಮೇಲಿದ್ದ ಲಕೋಟೆ ಒಡೆದಳು. ಒಳಗೆ ಒಂದೇ ಸಾಲಿತ್ತು. 'ಇನ್ನೊಂದು ಸಲ ನೆನಪು ಮಾಡಿಕೊಂಡು ನೋಡಿ ಮೇಡಂ.'

ಮೇಡಂ? ತನಗೇ ಬರೆದದ್ದೇ? ಅದರ ಕೆಳಗಿನದು: 'ಒಬ್ಬರಾದರೂ ಇದ್ದಿರಬೇಕು. ನೆಲ ಒರೆಸುವವರು, ಪಕ್ಕದ ಮಂಚದವರು, ಯಾರಾದರೂ.' ಇನ್ನೊಂದರಲ್ಲೂ ಅದೇ, ಮತ್ತೊಂದರಲ್ಲೂ ಅದೇ. ಏನೊಂದೂ ಅರ್ಥವಾಗದೆ ಅವಳು ಕಟ್ಟಿನ ತಳಕ್ಕೆ ಕೈ ಹಾಕಿ, ಬೆಂಚಿನ ಮೇಲೆ ಕುಳಿತು ಬರೆದಿದ್ದ ಮೊದಲ ಕಾಗದವನ್ನು ಬಿಡಿಸಿದಳು.

'ಮೇಡಂ, ನನ್ನ ಮುಂದಿದ್ದ ಇಬ್ಬರಿಗೆ ನಿಯಮ ಹೇಳುವಾಗ ನೀವು ಅವರ ಮುಖ ನೋಡಿದಿರಿ, ನನಗೆ ಹೇಳುವಾಗ ನೆಲ ನೋಡಿದಿರಿ. ನನ್ನ ಮಗಳು ಇನ್ನಿಲ್ಲವೆಂದು ತಿಳಿಯಿತು. ನಿಮ್ಮ ನಿಯಮ ಮುರಿಯಬೇಡಿ, ಬಾಯಿ ಬಿಟ್ಟು ಏನೂ ಹೇಳಬೇಡಿ. ನನಗೆ ಒಂದೇ ಒಂದು ಗೊತ್ತಾದರೆ ಸಾಕು. ಸಾಯುವಾಗ ಅವಳ ಪಕ್ಕದಲ್ಲಿ ಯಾರಾದರೂ ಇದ್ದರೆ ಈ ಕಾಗದ ಗೂಡಿನಲ್ಲೇ ಇರಲಿ, ಸೋಮವಾರ ಬಂದು ವಾಪಸು ಒಯ್ಯುತ್ತೇನೆ. ಒಬ್ಬಳೇ ಸತ್ತಿದ್ದರೆ, ತೆಗೆದುಬಿಡಿ.'