ಗೋಡೆಯಾಚೆಯ ತಂತಿ

ಪ್ರತಿ ಮನೆಯವರೂ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಪೆಡಲ್ ತುಳಿದು ತಯಾರಿಸಬೇಕು, ನೆರೆಯವರಿಗೆ ಕೊಟ್ಟರೆ ಅಪರಾಧ ಎಂಬ ಕಾನೂನು ದೇಶಕ್ಕೆಲ್ಲ ಹಳತಾಗಿತ್ತು. ಬೆಟಗೇರಿಯಲ್ಲಿ ಪಕ್ಕದ ಮನೆಯ ಚಂಪಾಳ ಕಾಲು ಮುರಿದಾಗ ನೀಲವ್ವ ಗೋಡೆ ದಾಟಿಸಿ ತಂತಿ ಎಳೆದಳು. ಎರಡು ತಿಂಗಳು ಅವಳ ಪಾಲನ್ನೂ ತಾನೇ ತುಳಿದಳು.

ಒಂದು ಬೆಳಿಗ್ಗೆ ಬಂದ ಅಧಿಕಾರಿ ಏನನ್ನೂ ಹುಡುಕದೆ ನೇರವಾಗಿ ತಂತಿಗೇ ಕೈ ಹಾಕಿದ.

"ಯಾರು ಹೇಳಿದ್ರು ಸಾಹೇಬ್ರ?"

ಅವನು ಪಕ್ಕದ ಮನೆಯತ್ತ ನೋಡಿದ. ಚಂಪಾ ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಕಾಲು ಇನ್ನ ಸರಿಹೋಗೂದಿಲ್ಲಂತ, ನೀಲಕ್ಕ. ಸುಳಿವು ಕೊಟ್ಟವರಿಗೆ ಸಾಯೋತನಕ ಸರಕಾರನ ಕರೆಂಟ್ ಕೊಡ್ತದ. ನೀ ಎಷ್ಟು ದಿನ ಅಂತ ತುಳೀತಿದ್ದಿ?"

"ನೀ ಇರೋತನಕ ತುಳೀತಿದ್ದೆ" ಎಂದಳು ನೀಲವ್ವ.

ದಿನಕ್ಕೆ ಎರಡು ತಾಸು ಹೆಚ್ಚು ತುಳಿಯುವ ಶಿಕ್ಷೆಯಾಯಿತು. ಆ ವಿದ್ಯುತ್ತು ಚಂಪಾಳ ಮನೆಗೇ ಹೋಗುತ್ತಿತ್ತು. ತುಳಿಯುವುದು ಮೊದಲಿನಷ್ಟೇ ಇತ್ತು, ಆದರೆ ನೀಲವ್ವನಿಗೆ ಈಗ ಮೊಣಕಾಲು ನೋಯತೊಡಗಿತ್ತು.